ಹದಿನಾಲ್ಕು ಚಿಗರಿ, ಒಂದು ಲಕೋಟೆ

ಭಾನುವಾರ ಊಟವಾದ ಮೇಲೆ ಮೊಬೈಲ್ ಸ್ವಚ್ಛ ಮಾಡುವುದು ನನ್ನ ಪದ್ಧತಿ. ವಾರವಿಡೀ ಬಂದು ಬಿದ್ದ ಶುಭೋದಯದ ಹೂವು, ದೇವರ ಪಟ, ಸಕ್ಕರೆ ಕಾಯಿಲೆಯ ಸಲಹೆ ಎಲ್ಲವನ್ನೂ ಒಂದೊಂದಾಗಿ ನೋಡಿ ಅಳಿಸುತ್ತೇನೆ. ನೋಡದೆ ಯಾವುದನ್ನೂ ಅಳಿಸುವುದಿಲ್ಲ. ಎರಡು ತಿಂಗಳ ಹಿಂದೆ ಹೀಗೆ ಕೂತಿದ್ದಾಗ, ನಿವೃತ್ತ ಆರೋಗ್ಯ ನೌಕರರ ಗುಂಪಿಗೆ ಯಾರೋ ಕಳಿಸಿದ ಒಂದು ಚಿತ್ರ ಕಣ್ಣಿಗೆ ಬಿತ್ತು. ಕಂದು ಕಾಗದದ ಒಂದು ಲಕೋಟೆ, ಅದನ್ನು ಹಿಡಿದ ಒಂದು ಕೈ. ಉಗುರಿನ ಸುತ್ತ ಮಸಿ ಕೂತಿತ್ತು, ಹೆಬ್ಬೆರಳ ತುದಿ ಸುಟ್ಟು ಸುಟ್ಟು ಚಪ್ಪಟೆಯಾಗಿತ್ತು. ಕೆಳಗೆ ‘ನಮ್ಮ ರೋಣದ ಹೆಮ್ಮೆ’ ಎಂದು ಬರೆದಿದ್ದರು.

ಮುಖ ಕಾಣಿಸದಿದ್ದರೂ ಕೈ ಯಾರದೆಂದು ತಿಳಿಯಿತು. ಮನೆಯಲ್ಲಿ ಒಲೆ ಆರಿ ಎರಡು ತಾಸಾಗಿತ್ತು, ಆದರೂ ನವಸಾಗರದ ಹೊಗೆ ಮೂಗಿಗೆ ಬಂದಂತಾಯಿತು... ಕಾದ ತಾಮ್ರದ ಮೇಲೆ ನವಸಾಗರದ ಪುಡಿ ಬಿದ್ದ ಕೂಡಲೇ ಏಳುವ ಆ ಬಿಳಿ ಹೊಗೆ, ಕಣ್ಣಿಗೆ ಚುರ್ ಅನ್ನುವಂಥದ್ದು. ಅದು ನಮ್ಮ ಓಣಿಯ ಕಲಾಯಿ ಚಾಚಾನ ಕೈ. ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿದೆ. ಲಕೋಟೆಯ ಮೇಲೆ ನಾಲ್ಕು ಸಾಲು ಬರೆದಿತ್ತು. ಆ ಅಕ್ಷರ ನನ್ನದು.

ಚಾಚಾನ ಮನೆ ನಮ್ಮ ಎದುರು ಸಾಲಿನಲ್ಲಿತ್ತು. ತಾಲೂಕು ದವಾಖಾನೆಯ ಲ್ಯಾಬಿಗೆ ನಾನು ಕೆಲಸಕ್ಕೆ ಸೇರಿ ರೋಣಕ್ಕೆ ಬಂದ ದಿನದಿಂದ ಅವರನ್ನು ಕಂಡಿದ್ದೆ. ಓಣಿಯ ಮಕ್ಕಳೆಲ್ಲ ಕಲಾಯಿ ಚಾಚಾ ಅನ್ನುತ್ತಿದ್ದವು, ನಾನೂ ಹಾಗೇ ಅಂದೆ; ಅವರು ನನ್ನನ್ನು ಬಾಯಾರ ಅನ್ನುತ್ತಿದ್ದರು. ಸ್ಟೀಲು ಬಂದು, ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ತವರ ಬಳಿಯುವ ಅವರ ಕಸುಬನ್ನು ಬಹುಪಾಲು ತಿಂದುಹಾಕಿದ್ದ ಕಾಲ. ಆದರೂ ಲಗ್ನದ ಹಂಡೆ, ದೇಗು, ಹಳೆಯ ಮನೆತನಗಳ ಹಿತ್ತಾಳೆ ಪರಾತ ಎಂದು ಒಂದಿಷ್ಟು ಕೆಲಸ ಉಳಿದಿತ್ತು. ಭಟ್ಟಿ, ತಿದಿ, ತವರದ ಗಟ್ಟಿ, ನವಸಾಗರದ ಡಬ್ಬಿ ಇಷ್ಟನ್ನು ಸೈಕಲ್ಲಿಗೆ ಕಟ್ಟಿ, ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗುವರು. ಸೋಮವಾರ ರೋಣದ ಓಣಿಗಳು. ಬುಧವಾರ ರಾಜೂರ, ಅಲ್ಲೇ ದರ್ಗಾದ ಕಟ್ಟೆಯ ಮೇಲೆ ಮಲಗಿ, ಗುರುವಾರ ಬೆಳಕು ಹರಿಯುವುದರೊಳಗೆ ಮುಶಿಗೇರಿ. ಹೇಳಿದ ದಿನ ಹೇಳಿದ ಹೊತ್ತಿಗೆ ಬರುವ ಮನುಷ್ಯರನ್ನು ಮಾತ್ರ ನಾನು ಮೆಚ್ಚುತ್ತೇನೆ, ಅಂಥವರು ಬಹಳ ಇಲ್ಲ. ಚಾಚಾ ಒಬ್ಬರು. ನಮ್ಮ ನಡುವೆ ಮಾತು ಕಡಿಮೆ, ವಿಶ್ವಾಸ ಹೆಚ್ಚು ಎಂದುಕೊಂಡಿದ್ದೆ.

ನಾನು ನಿವೃತ್ತಳಾದ ಎರಡನೇ ವರ್ಷ ಒಬ್ಬ ಸಂಶೋಧಕಿ ಊರಿಗೆ ಬಂದಳು. ದೂರದ ಯಾವುದೋ ಸಂಸ್ಥೆಯವಳು, ಇನ್ನೂ ಮೂವತ್ತು ದಾಟಿರಲಿಲ್ಲ, ಪಠ್ಯಪುಸ್ತಕದ ಕನ್ನಡ ಮಾತಾಡುತ್ತಿದ್ದಳು. ಎರೆ ಹೊಲಗಳಲ್ಲಿ ತಿರುಗುವ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಹಿಕ್ಕೆ ಬೇಕೆಂದು ಕೇಳುತ್ತ ಹೊರಟಿದ್ದಳು. ಚಿಗರಿ ಎಲ್ಲೆಲ್ಲಿ ನಿಲ್ಲುತ್ತವೆ ಎಂಬುದು ವಾರವಾರ ಅದೇ ದಾರಿ ತುಳಿಯುವ ಚಾಚಾನಿಗೆ ಗೊತ್ತೆಂದು ಯಾರೋ ಹೇಳಿದರಂತೆ. ಚಾಚಾ ಅವಳನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬಂದರು. ಅವರಿಗೆ ಉರ್ದು ಒಂದಿಷ್ಟು ಓದಲು ಬರುತ್ತಿತ್ತು, ಕನ್ನಡ ಓದು ಬರಹ ಬರುತ್ತಿರಲಿಲ್ಲ. ಯಾವ ಹಿಕ್ಕೆ ಎಲ್ಲಿಯದು ಎಂದು ಬರೆದುಕೊಡುವವರು ಬೇಕಾಗಿತ್ತು.

ನಾನು ಮೊದಲು ಅವಳ ಗುರುತಿನ ಚೀಟಿ ಕೇಳಿದೆ. ಅರಣ್ಯ ಇಲಾಖೆಯ ಅನುಮತಿ ಪತ್ರ ಕೇಳಿದೆ. ಎರಡರ ಜೆರಾಕ್ಸ್ ತೆಗೆಸಿ ಇಟ್ಟುಕೊಂಡೆ. ಹಿಕ್ಕೆ ಹುಡುಕಿಕೊಂಡು ಯಾರೂ ಅಷ್ಟು ದೂರದಿಂದ ಸುಮ್ಮನೆ ಬರುವುದಿಲ್ಲ. ಅವಳು ಬೇಸರ ಮಾಡಿಕೊಳ್ಳದೆ ವಿವರಿಸಿದಳು. ಹಿಕ್ಕೆಯ ಮೇಲ್ಪದರಕ್ಕೆ ಪ್ರಾಣಿಯ ಕರುಳಿನ ಕಣಗಳು ಅಂಟಿಕೊಂಡು ಬರುತ್ತವೆ, ಅವುಗಳಲ್ಲಿ ಅದರ ವಂಶದ ಗುರುತು ಇರುತ್ತದೆ. ಹಿಂದೆ ನರಗುಂದದ ಕಡೆಯ ಹಿಂಡು, ಮುಶಿಗೇರಿಯ ಹಿಂಡು, ಗಜೇಂದ್ರಗಡದ ಗುಡ್ಡದ ಬುಡದ ಹಿಂಡು ಒಂದರೊಳಗೊಂದು ಬೆರೆಯುತ್ತಿದ್ದವು. ಈಗ ನಡುವೆ ಕಾಲುವೆ, ರಸ್ತೆ, ತಂತಿಬೇಲಿ. ಪ್ರತಿ ಹಿಂಡೂ ತನ್ನೊಳಗೇ ಸಂಸಾರ ಬೆಳೆಸುತ್ತ ಹೋದರೆ ಎಲ್ಲವೂ ಒಂದೇ ರಕ್ತವಾಗುತ್ತವೆ. ಆಮೇಲೆ ಒಂದು ರೋಗ ಬಂದರೆ ಒಂದೂ ತಡೆಯುವುದಿಲ್ಲ. ಎಷ್ಟು ಬಗೆಯ ರಕ್ತ ಇನ್ನೂ ಉಳಿದಿದೆ ಎಂದು ತಿಳಿದರೆ ಉಳಿಸುವ ದಾರಿ ಹುಡುಕಬಹುದು.

ಚಾಚಾ ಗಂಭೀರವಾಗಿ ಕೇಳಿ, “ಅಂದ್ರ ಚಿಗರ್ಯಾಗೂ ನಮ್ಮ ಓಣಿ ಗತೆ ಒಳಗಿಂದೊಳಗ ಬೀಗತನ ನಡದಾವ” ಅಂದರು. ಅವರ ಹೆಂಡತಿ, ನಮ್ಮ ಚಾಚಿ, ಅವರ ಸ್ವಂತ ಸೋದರಮಾವನ ಮಗಳು. ಎದುರು ಬಾಗಿಲಿನಿಂದಲೇ, ಹಂಗಾರ ಮೊದಲ ಈ ಮನಿಯವ್ರದ ಪರೀಕ್ಷಾ ಮಾಡ್ರಿ, ತಲಿ ಯಾಕ ಹಿಂಗ ಐತಿ ಅಂತ ನಮಗೂ ತಿಳೀತದ ಅಂದರು. ಸಂಶೋಧಕಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಆಮೇಲೆ ಬಹಳ ನಕ್ಕಳು.

ಕೆಲಸ ಶುರುವಾಯಿತು. ಗಂಡು ಚಿಗರಿ ದಿನವೂ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದಂತೆ, ತನ್ನ ಸರಹದ್ದು ಇದು ಎಂದು ಸಾರಲು. ಆ ಗುಡ್ಡೆಗಳಿಂದ ಹಸಿಯಾದದ್ದನ್ನು ಮಾತ್ರ ಎತ್ತಬೇಕು. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಬೆವೆತು ಕೆಡುತ್ತದೆ, ಕಾಗದದ ಲಕೋಟೆಯೇ ಆಗಬೇಕು, ನೆರಳಲ್ಲೇ ಒಣಗಬೇಕು. ಮೊದಲ ಗುರುವಾರ ಚಾಚಾ ಕಲಾಯಿಯ ಇಕ್ಕಳದಿಂದಲೇ ಎತ್ತಿ ತಂದಿದ್ದರು. ಇಕ್ಕಳಕ್ಕೆ ನವಸಾಗರ ಮೆತ್ತಿರುತ್ತದೆ ಎಂದು ಆ ವಾರದ್ದೆಲ್ಲ ಚೆಲ್ಲಿದೆವು. ಮುಂದಿನ ವಾರದಿಂದ ಕಡ್ಡಿ ಕೊಟ್ಟಳು, ಪ್ರತಿ ಗುಡ್ಡೆಗೆ ಹೊಸ ಕಡ್ಡಿ. ಚಾಚಾ ತಪ್ಪಲಿಲ್ಲ. ಗುರುವಾರ ಸಂಜೆ ಆರಕ್ಕೆ ನಮ್ಮ ಕಟ್ಟೆಗೆ ಬಂದು ಲಕೋಟೆಗಳನ್ನು ಸಾಲಾಗಿ ಇಟ್ಟು, ಯಾವುದು ಎಲ್ಲಿಯದು ಎಂದು ಬಾಯಿಪಾಠದಂತೆ ಒಪ್ಪಿಸುವರು. ನಾನು ಬರೆಯುವೆ.

ಲಕೋಟೆಯ ಮೇಲೆ ಒಂದು ಸಂಕೇತ ಬರೆದರೆ ಸಾಕೆಂದು ಸಂಶೋಧಕಿ ಹೇಳಿದ್ದಳು. ಮುಶಿಗೇರಿಗೆ ‘ಮು’, ಮುಂದೆ ಒಂದು ಅಂಕಿ, ಅಷ್ಟೇ. ನನಗೆ ಅದು ಒಪ್ಪಿಗೆಯಾಗಲಿಲ್ಲ. ನಾನು ಕಲಿಯುವಾಗ ಮಲೇರಿಯಾ ಸ್ಲೈಡಿನ ಜೊತೆ ಊರು, ಮನೆ, ಹೊತ್ತು ಬರೆಯದಿದ್ದರೆ ನಮ್ಮ ಮೇಲಧಿಕಾರಿ ಕಣ್ಣೆದುರಿಗೇ ಸ್ಲೈಡನ್ನು ನೆಲಕ್ಕೆ ಒಗೆಯುತ್ತಿದ್ದರು. ಸಂಕೇತದ ಪಟ್ಟಿ ಕಳೆದರೆ ಏನು ಮಾಡುತ್ತೀ ಎಂದು ಕೇಳಿದೆ. ಹಾಗಾಗಿ ಪ್ರತಿ ಲಕೋಟೆಯ ಮೇಲೂ ಪೂರ್ತಿ ಬರೆದೆ. ‘ಮುಶಿಗೇರಿ. ಹಳ್ಳದ ದಂಡೆ, ಎರಡು ಬನ್ನಿ ಗಿಡದ ನಡುವಿನ ಬೀಳು, ಡಾಂಬರು ರಸ್ತೆಯಿಂದ ಬಂಡಿದಾರಿ ಇದೆ. ಗುರುವಾರ, ಮುಂಜಾನೆ ಆರೂವರೆ. ಹಿಂಡಿನಲ್ಲಿ ಹದಿನಾಲ್ಕು, ಕರಿಗಂಡು ಒಂದು.’ ಓದಿ ತೋರಿಸಿದಾಗ ಚಾಚಾ ತಲೆದೂಗಿ, ಬಾಯಾರು ಬರದ್ರ ಕುರುಡನೂ ಹೋಗಿ ಮುಟ್ಟಬೇಕು ಅಂದಿದ್ದರು. ನನಗೆ ಅದು ಹೊಗಳಿಕೆಯಾಗಿ ಕೇಳಿತ್ತು.

ಒಂದು ಸಂಜೆ ಅವಳು ನಮ್ಮ ಕಟ್ಟೆಯ ಮೇಲೆ ಫೋಟೋ ತೆಗೆದಳು. ನನ್ನ ಮುಖ, ನನ್ನ ಹೆಸರು ಎಲ್ಲಿಯೂ ಬರಕೂಡದು ಎಂದು ಎರಡು ಸಲ ಹೇಳಿದೆ. ಇಂಟರ್‌ನೆಟ್ಟಿಗೆ ಹಾಕುವ ಯಾವುದರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಯಾರ ಮುಖವೂ ಬೇಡ ಮೇಡಂ, ಕೆಲಸ ಮಾಡುವ ಕೈ ಸಾಕು ಎಂದು ಅವಳು ಚಾಚಾನ ಕೈಗೆ ಒಂದು ಲಕೋಟೆ ಕೊಟ್ಟಳು. ಲಕೋಟೆ ಯಾವುದೆಂದು ನಾನು ನೋಡಲಿಲ್ಲ.

ಮರುವರ್ಷ, ಹಿಕ್ಕೆಯ ಕೆಲಸ ನಡೆದಿರುವಾಗಲೇ, ಅವಳ ಲೇಖನ ಪ್ರಕಟವಾಗಿ ಅದರ ಜೊತೆ ಆ ಚಿತ್ರ ಎಲ್ಲೆಲ್ಲೋ ಓಡಾಡಿತು. ಕಾಡುಪ್ರಾಣಿಗಳ ವಂಶವೈವಿಧ್ಯದ ಸಂಶೋಧನೆಗೆ ಒಬ್ಬ ಕಲಾಯಿಗಾರ ಕೈಜೋಡಿಸಿದ ಸುದ್ದಿ ಎಂದು ಜನ ಹಂಚಿಕೊಂಡರಂತೆ. ರೋಣದ ಮೊಬೈಲ್ ಅಂಗಡಿಯಲ್ಲಿ ಚಾಚಾನಿಗೆ ತೋರಿಸಿದರು, ಗಜೇಂದ್ರಗಡದಲ್ಲಿ ಯಾರೋ ಕೈ ಗುರುತು ಹಿಡಿದು ಚಹಾ ಕುಡಿಸಿದರು. “ಕೈ ಒಂದ ಫೇಮಸ್ ಆಗೇತ್ರಿ ಬಾಯಾರ, ಉಳದ ಮೈ ಇದ್ದಾಂಗ ಐತಿ” ಅಂದು ನಕ್ಕರು. ನನ್ನ ಬಳಿ ಆಗ ಗುಂಡಿಯ ಫೋನು ಇತ್ತು, ನಾನು ನೋಡಲಿಲ್ಲ, ನೋಡುವ ಆಸೆಯೂ ಇರಲಿಲ್ಲ. ಸಂಶೋಧಕಿ ಮಾತ್ರ ಫೋನಿನಲ್ಲಿ ಬಹಳ ಸಂತೋಷದಿಂದ ಇದ್ದಳು. ಅವಳ ಲೇಖನದ ಬಗ್ಗೆ ಎಷ್ಟು ಜನ ಮಾತಾಡುತ್ತಿದ್ದಾರೆ ಎಂದು ಎಣಿಸುವ ವ್ಯವಸ್ಥೆ ಇದೆಯಂತೆ, ಆ ಎಣಿಕೆ ದಿನದಿನಕ್ಕೆ ಏರುತ್ತಿದೆಯಂತೆ. ನೋಡುವವರೆಲ್ಲ ಯಾರು ಎಂದು ಕೇಳಿದೆ. ಎಲ್ಲರೂ ಮೇಡಂ, ಅಂದಳು.

ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿತ್ತು. ಒಂದು ಗುರುವಾರ ಚಾಚಾ ಬರಿಗೈಯಲ್ಲಿ ಬಂದರು. ಯಾಕೆಂದು ಕೇಳಿದರೆ, ಸಿಗಲಿಲ್ರಿ ಅಂದರು. ಮುಂದಿನ ಗುರುವಾರವೂ ಅದೇ ಮಾತು, ನನ್ನ ಮುಖ ನೋಡದೆ. ದಿನವೂ ಒಂದೇ ಜಾಗಕ್ಕೆ ಬರುವ ಪ್ರಾಣಿಯ ಹಿಕ್ಕೆ ಎರಡು ವಾರ ಸಿಗದಿರುವುದು ಹೇಗೆ? ನಾನು ನೋಟುಬುಕ್ಕಿನಲ್ಲಿ ಬರೆದಿಟ್ಟೆ. ‘ಗುರುವಾರ. ಲಕೋಟೆ ಇಲ್ಲ. ಕಾರಣ ಸಮಾಧಾನಕರವಾಗಿಲ್ಲ.’

ಮೂರನೇ ವಾರ ಸುದ್ದಿ ಬಂತು. ಬನ್ನಿ ಗಿಡಗಳ ನಡುವೆ ರಕ್ತ, ಕಾಲುಗಳು, ಕಿತ್ತೊಗೆದ ಕರುಳು. ಕರಿಗಂಡಿನ ತಲೆ ಇರಲಿಲ್ಲ. ಬಂಡಿದಾರಿಯುದ್ದಕ್ಕೂ ಜೀಪಿನ ಗಾಲಿಯ ಗುರುತು. ಎಷ್ಟು ಸತ್ತವು ಎಂದು ಯಾರಿಗೂ ಸರಿಯಾಗಿ ಹೇಳಲು ಬರಲಿಲ್ಲ, ಉಳಿದವು ಎತ್ತ ಹೋದವೋ ಅದೂ ತಿಳಿಯಲಿಲ್ಲ. ಬೆಳೆ ತಿನ್ನುತ್ತವೆ ಎಂದು ಚಿಗರಿಗಳನ್ನು ಬೈಯುತ್ತಿದ್ದವರು ಕೂಡ ಹೋಗಿ ನೋಡಿ ಬಂದು ಊಟ ಮಾಡಲಿಲ್ಲವಂತೆ.

ಎರಡು ದಿನದ ಮೇಲೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ನಮ್ಮ ಮನೆಗೆ ಬಂದರು. ಹಿಕ್ಕೆಯ ಕೆಲಸ ಅವರಿಗೆ ಗೊತ್ತಿತ್ತು. ಜಾಗ ತಿಳಿದು, ಹೊತ್ತು ತಿಳಿದು ಬಂದಿದ್ದಾರೆ, ಹೊರಗಿನವರಿಗೆ ಇದು ಹೇಗೆ ಗೊತ್ತಾಯಿತು ಎಂಬುದೇ ಪ್ರಶ್ನೆ ಅಂದರು. ಮುಶಿಗೇರಿಯವರು ಇನ್ನೊಂದು ಹೇಳಿದ್ದರಂತೆ. ಹಿಂದಿನ ಎರಡು ಗುರುವಾರ ಬೆಳಗಿನ ಜಾವ ಹಳ್ಳದ ಕಡೆಯಿಂದ ಯಾರೋ ತಾಮ್ರದ ಕೊಡ ಬಡಿದ ಸದ್ದು ಬಂದಿತ್ತು. ಬೇಟೆಯವರು ಹೀಗೇ ಸದ್ದು ಮಾಡಿ ಪ್ರಾಣಿಗಳನ್ನು ಬಲೆಯ ಕಡೆ ಹೊಡೆಯುತ್ತಾರೆ, ಅದಕ್ಕೆ ಹಾಕೆ ಅನ್ನುತ್ತಾರೆ. ತಾಮ್ರದ ಕೊಡ ಇಟ್ಟುಕೊಂಡು ಆ ಹೊತ್ತಿಗೆ ಅಲ್ಲಿ ತಿರುಗುವವನು ಒಬ್ಬನೇ. ಅವನ ಜಾತಿಯನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಯಾರ ಮೇಲಾದರೂ ಗುಮಾನಿ ಇದೆಯೇ ಎಂದು ಗಾರ್ಡ್ ನನ್ನನ್ನು ಕೇಳಿದರು. ನಾನು ಎದ್ದು ಹೋಗಿ ನೋಟುಬುಕ್ಕು ತಂದೆ. ಎರಡು ಗುರುವಾರದ ಸಾಲುಗಳ ಮೇಲೆ ಬೆರಳಿಟ್ಟು ತೋರಿಸಿದೆ.

“ಆ ಜಾಗಕ್ಕ ಆ ಹೊತ್ತಿಗೆ ಹೋಗಾಂವ ಒಬ್ಬನ ಅದಾನ. ಅವನ್ನ ಕೇಳ್ರಿ” ಅಂದೆ.

ಅಷ್ಟು ವರ್ಷ ‘ಅವರು’ ಅಂದವರನ್ನು ಆ ದಿನ ‘ಅವನು’ ಅಂದಿದ್ದೆ... ಅದು ಈಗ ಬರೆಯುವಾಗ ಕಾಣುತ್ತದೆ, ಆಗ ಕಾಣಲಿಲ್ಲ.

ಚಾಚಾನನ್ನು ಕರೆದುಕೊಂಡು ಹೋಗಿ ಎರಡು ದಿನ ಕೂರಿಸಿ ಕೇಳಿದರು. ಹೊಡೆಯಲಿಲ್ಲ, ಕೇಸೂ ಆಗಲಿಲ್ಲ, ಕಳಿಸಿಬಿಟ್ಟರು. ಆದರೆ ಮುಶಿಗೇರಿಯಲ್ಲಿ ಅವರಿಗೆ ಪಾತ್ರೆ ಕೊಡುವುದನ್ನು ನಿಲ್ಲಿಸಿದರು. ಆಮೇಲೆ ರಾಜೂರಿನಲ್ಲೂ. ಲಗ್ನದ ಹಂಡೆಗಳು ಬೇರೆಯವರ ಕಡೆ ಹೋದವು. ಆ ಸಮಯದಲ್ಲಿ ನನ್ನದೊಂದು ಹಿತ್ತಾಳೆ ಬೋಗುಣಿ ಅವರ ಬಳಿ ಇತ್ತು. ಒಂದು ಮುಂಜಾನೆ ತಂದು ನಮ್ಮ ಹೊಸ್ತಿಲ ಮೇಲೆ ಇಟ್ಟರು. ಒಳಗೆ ನೋಡಿದೆ, ಕಲಾಯಿ ಹಾಕಿರಲಿಲ್ಲ. “ಇದನ್ನ ಬ್ಯಾರೆಯವ್ರ ಕಡೆ ಮಾಡಸ್ರಿ, ಬಾಯಾರ” ಅಂದರು. ಸಿಟ್ಟಿನಿಂದ ಅನ್ನಲಿಲ್ಲ. ಗಾರ್ಡ್ ನನ್ನ ಮಾತನ್ನು ಅವರಿಗೆ ಹೇಳಿದ್ದರು ಎಂದು ಅದರಿಂದ ತಿಳಿಯಿತು.

ತಿಂಗಳೊಳಗೆ ಮನೆ ಖಾಲಿ ಮಾಡಿ ನರಗುಂದದಲ್ಲಿದ್ದ ಮಗಳ ಊರಿಗೆ ಹೋದರು. ತಪ್ಪಿಲ್ಲದವರು ಊರು ಬಿಡುವುದಿಲ್ಲ ಎಂದು ನಾನು ಮನಸ್ಸಿನಲ್ಲಿ ಲೆಕ್ಕ ಮುಗಿಸಿದೆ. ಸಂಶೋಧಕಿ ಸುದ್ದಿ ಕೇಳಿ ಫೋನಿನಲ್ಲಿ ಅತ್ತಳು, ಆಮೇಲೆ ಈ ಕಡೆ ಬರಲಿಲ್ಲ. ನಾಲ್ಕು ವರ್ಷದ ಹಿಂದೆ ಚಾಚಾ ತೀರಿಕೊಂಡ ಸುದ್ದಿ ಬಂತು. ನರಗುಂದಕ್ಕೆ ಗಂಟೆಗೊಂದು ಬಸ್ಸು ಇದೆ. ನಾನು ಹೋಗಲಿಲ್ಲ.

ಇಷ್ಟಾದ ಮೇಲೆ ಆ ಭಾನುವಾರದ ಚಿತ್ರ. ಭೂತಗನ್ನಡಿ ಬೇಕಾಗಲಿಲ್ಲ, ಹಿಗ್ಗಿಸಿದರೆ ನಾಲ್ಕೂ ಸಾಲು ಸ್ಪಷ್ಟ. ಹಳ್ಳದ ದಂಡೆ, ಎರಡು ಬನ್ನಿ ಗಿಡ, ಬಂಡಿದಾರಿ, ಆರೂವರೆ, ಹದಿನಾಲ್ಕು. ಚಿತ್ರದ ಜೊತೆ ಬಂದಿದ್ದ ಕೊಂಡಿಯನ್ನು ಒತ್ತಿದೆ. ಸಂಶೋಧಕಿಯ ಲೇಖನದ ಪುಟ ತೆರೆಯಿತು. ಮೂಲೆಯಲ್ಲಿ ಬಣ್ಣಬಣ್ಣದ ಒಂದು ಚಕ್ರ, ಅದರ ನಡುವೆ ಒಂದು ಅಂಕಿ. ಎಷ್ಟು ಕಡೆ ಇದರ ಮಾತಾಗಿದೆ ಎಂದು ತೋರಿಸುವ ಚಕ್ರವಂತೆ. ಲೇಖನದೊಳಗೆ ಜಾಗದ ಹೆಸರು ಎಲ್ಲಿಯೂ ಇಲ್ಲ, ನಕ್ಷೆಯನ್ನು ಸಹ ಬೇಕೆಂದೇ ಮಸುಕು ಮಾಡಿದ್ದಾಳೆ. ಅವಳು ತನ್ನ ಕೆಲಸ ಸರಿಯಾಗಿ ಮಾಡಿದ್ದಳು. ಪ್ರಚಾರದ ಚಿತ್ರದಲ್ಲಿ ಮಾತ್ರ ನನ್ನ ಕೈಬರಹ ಉಳಿದುಹೋಗಿತ್ತು. ಕನ್ನಡ ಕೈಬರಹ ಅವಳಿಗೆ ನಿಧಾನ, ಬಹುಶಃ ಓದಲೇ ಇಲ್ಲ. ಅಥವಾ ಆಮೇಲೆ ಓದಿ, ಅದಕ್ಕೇ ಇತ್ತ ಬರುವುದನ್ನು ಬಿಟ್ಟಳೋ...

ಆ ಅಂಕಿಯನ್ನು ಬಹಳ ಹೊತ್ತು ನೋಡಿದೆ. ಎಷ್ಟು ಜನ ನೋಡಿದರು ಎಂದು ಅದು ಹೇಳುತ್ತದೆ, ಯಾಕೆ ನೋಡಿದರು ಎಂದು ಹೇಳುವುದಿಲ್ಲ. ಚಿಗರಿ ಉಳಿಯಲಿ ಎಂದು ನೋಡಿದವರೂ, ಜೀಪಿಗೆ ಎಣ್ಣೆ ತುಂಬಿಸಿ ನೋಡಿದವರೂ ಅದರೊಳಗೆ ಒಂದೇ. ಬೇಟೆಯವರು ಈ ಲಕೋಟೆ ಓದಿಕೊಂಡೇ ಬಂದರು ಎಂದು ನಾನು ಸಾಬೀತು ಮಾಡಿ ತೋರಿಸಲಾರೆ. ಬೇರೆ ದಾರಿಯಿಂದಲೂ ತಿಳಿದಿರಬಹುದು. ಆದರೆ ಚಾಚಾನ ಮೇಲೆ ಗುಮಾನಿ ಪಡಲು ನನಗೆ ಇದರ ಅರ್ಧ ಪುರಾವೆಯೂ ಬೇಕಾಗಿರಲಿಲ್ಲ.

ಮರುದಿನ ಮುಂಜಾನೆ ನರಗುಂದಕ್ಕೆ ಹೋದೆ. ಚಾಚಿ ಮಗಳ ಮನೆಯ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದರು. ನನ್ನನ್ನು ಕಂಡು ಏಳಲಿಲ್ಲ, ಕೂಡ್ರಿ ಅಂದರು. ಮೊಬೈಲ್ ಮುಂದಿಟ್ಟೆ. ಗಂಡನ ಕೈಯನ್ನು ನೋಡಿದರು. ಬರೆದದ್ದು ಏನೆಂದು ಕೇಳಿದರು, ನಾಲ್ಕೂ ಸಾಲು ಓದಿದೆ. ಬರೆದವಳು ನಾನೇ ಎಂದೂ, ಗಾರ್ಡ್ ಮುಂದೆ ಅವರ ಕಡೆ ಬೆರಳು ಮಾಡಿದವಳೂ ನಾನೇ ಎಂದೂ ಹೇಳಿದೆ. ಎರಡನೆಯದು ನಮಗ ಗೊತ್ತೈತಿ ಅಂದರು. ಮೊರದಲ್ಲಿ ಕೈ ಆಡುತ್ತಲೇ ಇತ್ತು.

ಆಮೇಲೆ ಅವರೇ ಹೇಳಿದರು. ಆ ದಿನಗಳಲ್ಲಿ ಚಾಚಾ ಬಂಡಿದಾರಿಯಲ್ಲಿ ಜೀಪಿನ ಗುರುತು ಕಂಡಿದ್ದರಂತೆ, ಬನ್ನಿ ಗಿಡದ ಬುಡದಲ್ಲಿ ಸಿಗರೇಟಿನ ತುಂಡು. ಈ ಜಾಗ ಯಾರಿಗೋ ತಿಳಿದಿದೆ, ಚಿಗರಿ ಇಲ್ಲೇ ನಿಂತರೆ ಸಾಯುತ್ತವೆ ಎಂದು, ಲಗ್ನದ ಮನೆಯ ತಾಮ್ರದ ಕೊಡ ಬಡಿದು ಎರಡು ಗುರುವಾರ ಹಿಂಡನ್ನು ಎಬ್ಬಿಸಿ ಓಡಿಸಿದರಂತೆ. ಅದಕ್ಕೇ ಹಿಕ್ಕೆ ಸಿಗಲಿಲ್ಲ. ಆದರೆ ಪ್ರಾಣಿಗೆ ತನ್ನ ಜಾಗ ಬಿಡುವುದು ಗೊತ್ತಿಲ್ಲ, ವಾರದ ಉಳಿದ ದಿನಗಳಲ್ಲಿ ಅಲ್ಲಿಗೇ ಮರಳಿತು. ಅವರಿಗೂ ಹೊಟ್ಟೆಪಾಡಿತ್ತು, ದಿನವೂ ಹೋಗಿ ಬಡಿಯಲಾಗಲಿಲ್ಲ.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಚಾಚಿ ಮೊದಲ ಸಲ ಮೊರ ಕೆಳಗಿಟ್ಟರು. “ಮಾತು ಎಲ್ಲಿಂದ ಹೊರಗ ಬಿದ್ದೈತಿ ಗೊತ್ತಿಲ್ಲ, ಬಾಯಾರಿಗೂ ಹೇಳಬ್ಯಾಡ ಅಂದ್ರು. ನಿಮ್ಮ ಮ್ಯಾಲೂ ಸಂಶೇ ಇತ್ತು ಅವ್ರಿಗೆ. ಹಂಗಾರ ಗಾರ್ಡನ ಮುಂದ ಅದನ್ನರ ಹೇಳಬೇಕಿತ್ತಲ್ಲ ಅಂದೆ. ಬರೇ ಸಂಶೇದ ಮ್ಯಾಲ ಒಬ್ಬರ ಹೆಸರು ಹ್ಯಾಂಗ ಹೇಳೂದು ಅಂದ್ರು.”

ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ, ಶುರು ಮಾಡಿದೆ ಕೂಡ. ಚಾಚಿ ಕೈ ಅಡ್ಡ ಮಾಡಿದರು.

“ಇದನ್ನ ನಂಗ್ಯಾಕ ಹೇಳ್ತೀರಿ? ನಾ ಯಾವತ್ತ ಅವ್ರ ಮ್ಯಾಲ ಸಂಶೇ ಪಟ್ಟಿದ್ದೆ? ಪಟ್ಟವ್ರಿಗೆ ಹೋಗಿ ಹೇಳ್ರಿ. ಹೇಳಿ ನನಗ ಫೋನ್ ಮಾಡ್ರಿ.”

ಗುರುವಾರ ಮುಶಿಗೇರಿಗೆ ಹೋದೆ. ಬಸ್‌ ನಿಲ್ದಾಣದ ಪಕ್ಕದ ಚಹಾದ ಅಂಗಡಿಯಲ್ಲಿ ಏಳೆಂಟು ಮಂದಿ ಇದ್ದರು. ನಾನು ಯಾರೆಂದು ಹೇಳಿ, ಬಂದ ಕಾರಣ ಹೇಳಿ, ಚಿತ್ರ ತೋರಿಸಿದೆ. ಹಿರಿಯರಿಗೆ ಕೂಡಲೇ ನೆನಪಾಯಿತು, ಚಿಗರಿ ಕೊಲ್ಲಿಸಿದ ಕಲಾಯಿಯವ ಅಂದರು. ಅವರ ನಾಲಗೆಯ ಮೇಲೆ ಚಾಚಾನ ಹೆಸರೇ ಅದಾಗಿತ್ತು. ಕಿರಿಯರಿಗೆ ಕಲಾಯಿ ಅಂದರೇನು ಎಂಬುದೇ ಗೊತ್ತಿರಲಿಲ್ಲ. ಇಷ್ಟು ವರ್ಷ ಬಿಟ್ಟು ಈಗ ಯಾಕೆ ಬಂದಿರಿ, ಯಾರು ಕಳಿಸಿದರು, ಮತ್ತೆ ಸರ್ವೆ ಗಿರ್ವೆ ಇದೆಯೇನು, ಹೊಲ ಅರಣ್ಯಕ್ಕೆ ಸೇರಿಸುತ್ತಾರೇನು ಎಂದು ಒಬ್ಬೊಬ್ಬರೇ ಕೇಳಿದರು. ಒಬ್ಬರು ನನ್ನ ಗುರುತಿನ ಚೀಟಿ ಕೇಳಿದರು. ಕೊಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

“ಅಕ್ಷರ ಯಾರದರ ಇರ್ಲಿ ಬಾಯಾರ, ಕೈ ಅಂವಂದ ಐತಲ್ರಿ” ಅಂದ ಒಬ್ಬ.

ಅಂಗಡಿಯವನಿಂದ ಕಾಗದ ಇಸಿದುಕೊಂಡು ಅವರ ಮುಂದೆಯೇ ಆ ನಾಲ್ಕು ಸಾಲು ಬರೆದೆ. ಚಿತ್ರದ ಪಕ್ಕದಲ್ಲಿಟ್ಟು, ಆ ಕೈಯ ಮನುಷ್ಯನಿಗೆ ಇದನ್ನು ಓದಲು ಬರುತ್ತಿರಲಿಲ್ಲ ಎಂದೆ. ಕಾಗದ ಕೈಯಿಂದ ಕೈಗೆ ಹೋಯಿತು. ಕೊಡ ಬಡಿದದ್ದು ಯಾಕೆಂದು ಚಾಚಿ ಹೇಳಿದ್ದನ್ನೂ ಹೇಳಿದೆ. ಹೆಂಡತಿ ಮತ್ತೇನು ಹೇಳುತ್ತಾಳೆ ಎಂದು ಯಾರೋ ನಕ್ಕರು.

ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕರು ಕಾಗದವನ್ನು ಕೇಳಿ ಇಸಿದುಕೊಂಡರು. ಬನ್ನಿ ಗಿಡದ ಪಕ್ಕದ ಹೊಲ ಅವರದಂತೆ. ಓದಲಿಲ್ಲ, ಕೈಯಲ್ಲಿ ಹಿಡಿದು ಕೂತರು.

“ಆ ಎರಡೂ ಗುರುವಾರ ನಾ ಹೊಲದಾಗ ಇದ್ದೆ” ಅಂದರು. “ಎರಡೂ ಸಲ ಅಂವಾ ರಸ್ತಾದ ಕಡೆ ಬೆನ್ನ ಮಾಡಿ ಬಡೀತಿದ್ದ. ಚಿಗರಿ ಗುಡ್ಡದ ಕಡೆ ಹ್ವಾದ್ವು.”

ಜೀಪು ಬಂದದ್ದು ರಸ್ತೆಯಿಂದ. ಹಾಕೆಯವನಾಗಿದ್ದರೆ ಹಿಂಡನ್ನು ರಸ್ತೆಯ ಕಡೆ ಹೊಡೆಯಬೇಕಿತ್ತು. ಅಲ್ಲಿದ್ದ ಎಲ್ಲರಿಗೂ ಬೇಸಾಯ ಗೊತ್ತು, ದನ ಕಾಯುವುದು ಗೊತ್ತು, ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಇದನ್ನು ಅವತ್ತೇ ಯಾಕೆ ಹೇಳಲಿಲ್ಲ ಎಂದು ನಕ್ಕವನೇ ಮುದುಕರನ್ನು ಕೇಳಿದ. ಕೊಡ ಬಡದದ್ದು ಕೇಳೀಯೇನಂತ ಕೇಳಿದ್ರು, ಹೌದಂದೆ. ಯಾ ಕಡೆ ಅಂತ ಯಾರೂ ಕೇಳಲಿಲ್ಲ, ಅಂದರು.

ಆ ಬೀಳು ಈಗ ಇಲ್ಲ. ಬನ್ನಿ ಗಿಡ ಒಂದೇ ಉಳಿದಿದೆ, ಸುತ್ತ ಸಮ ಮಾಡಿ ಗೋವಿನಜೋಳ ಹಾಕಿದ್ದಾರೆ. ಮುದುಕರು ಜೊತೆಗೆ ಬಂದು ತೋರಿಸಿದರು. ಆಮೇಲೆ ಒಂದೂ ಬರಲಿಲ್ಲ, ಬೆಳೆಗೆ ಕಾವಲು ಬೇಕಾಗಿಲ್ಲ, ಅದೊಂದು ಸುಖ ಅಂದರು. ಸ್ವಲ್ಪ ದೂರ ನಡೆದು, ಆದ್ರ ಮುಂಜಾನಿ ಹೊಲಕ್ಕ ಬಂದ್ರ ಏನೋ ಮರತ ಬಂದಾಂಗ ಅಕ್ಕೈತ್ರಿ ಅಂದರು. ಆ ಹದಿನಾಲ್ಕರ ರಕ್ತ ಎಂಥದ್ದಿತ್ತು, ನರಗುಂದದ ಹಿಂಡಿಗೆ ಅದು ಎಷ್ಟು ಹತ್ತಿರ ಎಷ್ಟು ದೂರ ಎಂಬುದೆಲ್ಲ ಲೇಖನದಲ್ಲಿ ಸರಿಯಾಗಿ ಇದೆ. ಹೊಲದಲ್ಲಿ ಮಾತ್ರ ಏನೂ ಇಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದಲ್ಲಿ ನಿಂತು ನರಗುಂದಕ್ಕೆ ಫೋನ್ ಮಾಡಿದೆ. ಮುದುಕರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಕೊನೆಗೆ ಚಾಚಿ, “ಗುಡ್ಡದ ಕಡೆ ಅಂತ ಅಂದ್ರೇನ್ರಿ ಅವ್ರು?” ಎಂದು ಕೇಳಿದರು.

ಹೌದು, ಗುಡ್ಡದ ಕಡೆ ಎಂದೆ.

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು.

“ರಾಜೂರಿಗೆ ಯಾವಾಗ ಹೋಗ್ತೀರಿ?” ಅಂದರು.

ಬುಧವಾರ, ಎಂದೆ.